ಹಾವು ಕಡಿದು ಬದುಕಿದವರ ಸಾಕ್ಷ್ಯ

ನಾಟಿ ಮದ್ದಿನ ಬಗ್ಗೆ ಹಳ್ಳಿಯಲ್ಲಿ ಯಾರೊಂದಿಗೆ ಮಾತಿಗೆ ಕೂತರೂ ಒಂದು ಹಂತದಲ್ಲಿ ಚರ್ಚೆ ನಿಂತುಹೋಗುತ್ತದೆ. ‘ನಮ್ಮಣ್ಣನಿಗೇ ಹಾವು ಕಚ್ಚಿತ್ತು. ಬೇರು ಅರೆದು ಕುಡಿಸಿದರು. ಇವತ್ತಿಗೂ ಗಟ್ಟಿಮುಟ್ಟಾಗಿ ಗದ್ದೆ ಕೆಲಸ ಮಾಡುತ್ತಿದ್ದಾನೆ. ಕಣ್ಣಾರೆ ಕಂಡದ್ದಕ್ಕೆ ಇನ್ಯಾವ ಸಾಕ್ಷಿ ಬೇಕು?’ ಈ ಮಾತು ಬಂದ ಮೇಲೆ ಎದುರಿಗಿದ್ದವರು ಒಂದೋ ಸುಮ್ಮನಾಗುತ್ತಾರೆ, ಇಲ್ಲವೇ ‘ಮೂಢನಂಬಿಕೆ’ ಎಂದು ಹೇಳಿ ಎದ್ದುಹೋಗುತ್ತಾರೆ. ಎರಡೂ ಸರಿಯಲ್ಲ. ಹಾಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಹಾವು ಕಚ್ಚಿದ್ದು ನಿಜ, ಮದ್ದು ಕುಡಿಸಿದ್ದು ನಿಜ, ಮನುಷ್ಯ ಬದುಕಿದ್ದೂ ನಿಜ. ಆದರೆ ಮದ್ದಿನಿಂದಲೇ ಬದುಕಿದ ಎಂಬ ನಾಲ್ಕನೆಯ ಸಂಗತಿಯನ್ನು ಯಾರೂ ಕಣ್ಣಾರೆ ಕಂಡಿಲ್ಲ. ಮೊದಲ ಮೂರನ್ನು ಜೋಡಿಸಿ ಮನಸ್ಸು ಮಾಡಿಕೊಂಡ ತೀರ್ಮಾನ ಅದು. ಅನುಭವಕ್ಕೂ ಅದರ ಕಾರಣಕ್ಕೂ ನಡುವೆ ಇರುವ ಈ ಅಂತರ ಗೊತ್ತಿಲ್ಲದೆ ನಮ್ಮಲ್ಲಿ ಪ್ರತಿ ಮಳೆಗಾಲದಲ್ಲೂ ಜನ ಸಾಯುತ್ತಿದ್ದಾರೆ.

ಭಾರತದಲ್ಲಿ ಸುಮಾರು 300 ಜಾತಿಯ ಹಾವುಗಳಿವೆ. ಅವುಗಳಲ್ಲಿ ವಿಷವಿರುವವು ಅರುವತ್ತರ ಆಸುಪಾಸು. ಮನುಷ್ಯರ ಜೀವ ತೆಗೆಯುವುದರಲ್ಲಿ ಬಹುಪಾಲು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕರದ್ದು. ಕತ್ತಲಲ್ಲಿ ಕಾಲಿಗೆ ಕಚ್ಚಿ ಹುಲ್ಲಿನೊಳಗೆ ಸರಿದುಹೋದದ್ದು ಕೇರೆಯೋ ಮಂಡಲವೋ ಎಂದು ಕಚ್ಚಿಸಿಕೊಂಡವರಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಇನ್ನೊಂದು ಸಂಗತಿ: ವಿಷದ ಹಾವು ಕಚ್ಚಿದಾಗಲೂ ಪ್ರತಿ ಸಲ ವಿಷ ಒಳಗೆ ಇಳಿಯುವುದಿಲ್ಲ. ಹಲ್ಲು ಊರಿದರೂ ವಿಷ ಬಿಡದ ಇಂಥ ಕಡಿತಗಳನ್ನು ವೈದ್ಯರು ‘ಒಣ ಕಡಿತ’ ಎನ್ನುತ್ತಾರೆ. ಅಂದರೆ ಹಾವು ಕಚ್ಚಿದವರಲ್ಲಿ ದೊಡ್ಡ ಪಾಲು ಜನ ಬೇರು ಕುಡಿದರೂ, ತುಪ್ಪ ಕುಡಿದರೂ, ಏನನ್ನೂ ಕುಡಿಯದಿದ್ದರೂ ಬದುಕುತ್ತಾರೆ.

ಈಗ ಮದ್ದು ಕೊಡುವವರ ಕಡೆಯಿಂದ ನೋಡೋಣ. ಹಾವಿನ ಮದ್ದು ಕೊಡುವ ಹಲವರು ಅದಕ್ಕೆ ದುಡ್ಡು ಮುಟ್ಟುವುದಿಲ್ಲ. ಹಣ ತೆಗೆದುಕೊಂಡರೆ ಮದ್ದಿನ ಗುಣ ಹೋಗುತ್ತದೆ ಎಂಬ ನಂಬಿಕೆ ಅವರದು. ಅಪ್ಪನಿಂದ, ಅಜ್ಜನಿಂದ ಬಂದ ವಿದ್ಯೆ ಎಂದು ನಡುರಾತ್ರಿ ಬಾಗಿಲು ಬಡಿದರೂ ಏಳುತ್ತಾರೆ. ಇವರನ್ನು ಮೋಸಗಾರರೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ವರ್ಷಗಟ್ಟಲೆ ಅವರ ಅಂಗಳಕ್ಕೆ ಬಂದವರಲ್ಲಿ ಹೆಚ್ಚಿನವರು ಗುಣವಾಗಿ ಹೋಗಿದ್ದಾರೆ. ಗುಣವಾದವರು ವೀಳ್ಯದೆಲೆ, ತೆಂಗಿನಕಾಯಿ ಹಿಡಿದು ಮತ್ತೆ ಬಂದಿದ್ದಾರೆ. ಗುಣವಾಗದವರನ್ನು ಮನೆಯವರು ದಾರಿಯಲ್ಲೇ ಕಳೆದುಕೊಂಡಿದ್ದಾರೆ, ಇಲ್ಲವೇ ಕೊನೆಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ದಿದ್ದಾರೆ. ಆ ಸಾವು ಆಸ್ಪತ್ರೆಯ ಲೆಕ್ಕಕ್ಕೆ ಸೇರುತ್ತದೆ. ಮದ್ದಿನ ಮೇಲೆ ಅನುಮಾನ ಹುಟ್ಟಿಸಬಹುದಾದ ಒಂದು ಘಟನೆಯೂ ಮದ್ದು ಕೊಟ್ಟವರ ಕಣ್ಣಿಗೆ ಬೀಳದ ಹಾಗೆ ಇಡೀ ವ್ಯವಸ್ಥೆಯೇ ಕೂಡಿಬಂದಿದೆ. ಪ್ರಾಮಾಣಿಕರಾದ ಮನುಷ್ಯರು, ಪ್ರಾಮಾಣಿಕವಾದ ಅನುಭವ, ತಪ್ಪಾದ ತೀರ್ಮಾನ: ಮೂರೂ ಒಟ್ಟಿಗೆ ಇರಲು ಸಾಧ್ಯ.

ಹಾಗಾದರೆ ಸತ್ತವರ ಅನುಭವವನ್ನು ಹೇಳುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದ ಒಂದು ಕೆಲಸ ನಮ್ಮ ದೇಶದಲ್ಲೇ ನಡೆದಿದೆ. ಭಾರತದ ಮಹಾ ರಿಜಿಸ್ಟ್ರಾರ್ ಕಚೇರಿಯ ಜೊತೆಗೂಡಿ ನಡೆದ ‘ಮಿಲಿಯನ್ ಡೆತ್ ಸ್ಟಡಿ’ಯಲ್ಲಿ ಗಣತಿದಾರರು ಸಾವು ಸಂಭವಿಸಿದ ಮನೆಗಳಿಗೆ ಹೋದರು. ಯಾರು ತೀರಿಕೊಂಡರು, ಅದಕ್ಕೆ ಮೊದಲು ಏನಾಯಿತು ಎಂದು ಮನೆಯವರನ್ನು ಕೂರಿಸಿ ಕೇಳಿದರು. ಅವರು ಹೇಳಿದ್ದನ್ನು ಅವರದೇ ಭಾಷೆಯಲ್ಲಿ ಬರೆದುಕೊಂಡರು. ಆ ಬರಹವನ್ನು ಇಬ್ಬರು ವೈದ್ಯರು ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ಓದಿ ಸಾವಿನ ಕಾರಣ ನಿರ್ಧರಿಸಿದರು. ಇದರ ಆಧಾರದಲ್ಲಿ 2011ರಲ್ಲಿ ಹೊರಬಂದ ಅಂದಾಜಿನ ಪ್ರಕಾರ, 2005ರಲ್ಲಿ ದೇಶದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 45,900 ಮಂದಿ. ಅದರಲ್ಲಿ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟವರು ಶೇ 23ರಷ್ಟು ಮಾತ್ರ. ಮಿಕ್ಕವರು ಮನೆಯಲ್ಲಿ, ಹೊಲದಲ್ಲಿ, ದಾರಿಯಲ್ಲಿ ಸತ್ತರು. 2020ರ ಮುಂದಿನ ಅಧ್ಯಯನ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು 12 ಲಕ್ಷ ಸಾವು ಎಂದು ಅಂದಾಜಿಸಿತು. ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಕಾಲುಭಾಗ ಹದಿನೈದು ತುಂಬದ ಮಕ್ಕಳು. ಅಲ್ಲಿಯವರೆಗೆ ಸರ್ಕಾರಿ ದಾಖಲೆಗಳಲ್ಲಿ ಕಾಣುತ್ತಿದ್ದದ್ದು ಇದರ ಒಂದು ಸಣ್ಣ ಚೂರು.

ಈ ಅಧ್ಯಯನದ ವಿಧಾನವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ವಿಜ್ಞಾನಕ್ಕೆ ಜನರ ಅನುಭವದ ಬಗ್ಗೆ ತಾತ್ಸಾರ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇಲ್ಲಿ ಅದರ ತದ್ವಿರುದ್ಧ ನಡೆಯಿತು. ತಾಯಂದಿರು, ಗಂಡಂದಿರು, ಮಕ್ಕಳು ಹೇಳಿದ ಮಾತೇ ಇಲ್ಲಿ ಮೂಲ ದಾಖಲೆ. ಬದುಕಿದವರು ತಾವಾಗಿಯೇ ಬಂದು ಹೇಳಿದ್ದನ್ನಷ್ಟೇ ಕೇಳಿ ಸುಮ್ಮನಾಗದೆ, ಹೇಳಲು ಯಾರೂ ಬಾರದ ಮನೆಗಳಿಗೂ ಹೋದದ್ದೇ ವ್ಯತ್ಯಾಸ. ಒಬ್ಬರ ಅನುಭವವನ್ನು ಎಲ್ಲರ ಅನುಭವದ ಪಕ್ಕದಲ್ಲಿಟ್ಟು ನೋಡಿದಾಗ ಅದು ಸಾಕ್ಷ್ಯವಾಗುತ್ತದೆ. ನನ್ನ ಮಟ್ಟಿಗೆ ಸಾಕ್ಷ್ಯದ ಕಾಳಜಿ ಮೊದಲಿಗೆ ನ್ಯಾಯದ ಕಾಳಜಿ. ಬದುಕುಳಿದ ಅಣ್ಣನ ಕಥೆಗೆ ಸಿಕ್ಕ ಬೆಲೆ ಸತ್ತುಹೋದ ಮಗುವಿನ ಕಥೆಗೂ ಸಿಗಬೇಕು.

ಹಳ್ಳಿಯವರಿಗೆ ಪರೀಕ್ಷೆ ಮಾಡಿ ನೋಡುವ ಗುಣವೇ ಇಲ್ಲ ಎಂದು ತಿಳಿಯುವುದೂ ತಪ್ಪು. ಹಾವು ಕಚ್ಚಿದವರಿಗೆ ಬೇವಿನ ಸೊಪ್ಪು ಅಗಿಯಲು ಕೊಡುವ ಪದ್ಧತಿ ಅನೇಕ ಕಡೆ ಇದೆ. ಕಹಿ ಎಂದರೆ ವಿಷ ಏರಿಲ್ಲ. ಕಹಿ ಗೊತ್ತಾಗದಿದ್ದರೆ ಏರಿದೆ. ಕೆಲವು ಕಡೆ ಇದಕ್ಕೆ ಮೆಣಸಿನಕಾಯಿ ಬಳಸುತ್ತಾರೆ. ವಿಷ ಏರಿದೆಯೇ ಎಂದು ತಿಳಿಯುವ ಪ್ರಯತ್ನವೇ ಇದು. ಕೊರತೆ ಇರುವುದು ಬೇರೆ ಕಡೆ. ಗಾಬರಿಯಿಂದ ಬಾಯಿ ಒಣಗಿದವರ ನಾಲಿಗೆ ಹೇಳುವ ಮಾತನ್ನು ಪಕ್ಕದಲ್ಲಿ ಕೂತವರು ತಾಳೆ ನೋಡಲಾಗುವುದಿಲ್ಲ. ಕೊಳಕುಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸಿರುವಾಗಲೂ ನಾಲಿಗೆ ಬೇವನ್ನು ಕಹಿ ಎಂದೇ ಹೇಳಬಹುದು. ಮನೆಯವರು ನಿಟ್ಟುಸಿರು ಬಿಟ್ಟು ರೋಗಿಯನ್ನು ಮಲಗಿಸುತ್ತಾರೆ.

ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಪ್ರಶ್ನೆಗೆ ಮಾಡುವ ಪರೀಕ್ಷೆ ಹೆಚ್ಚು ಖರ್ಚಿನದ್ದೇನಲ್ಲ. ಸ್ವಚ್ಛವಾದ, ಒಣಗಿದ ಒಂದು ಗಾಜಿನ ನಳಿಗೆಗೆ ಎರಡು ಮಿಲಿಲೀಟರ್ ರಕ್ತ ಹಾಕುತ್ತಾರೆ. ಅಲುಗಾಡಿಸದೆ ಇಪ್ಪತ್ತು ನಿಮಿಷ ಬಿಡುತ್ತಾರೆ. ಆಮೇಲೆ ಒಮ್ಮೆ ವಾಲಿಸಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟಿ ನಿಂತಿದ್ದರೆ ಸದ್ಯಕ್ಕೆ ಸಮಾಧಾನ. ನೀರಿನಂತೆ ಹರಿದರೆ ಮಂಡಲದ ವಿಷ ಕೆಲಸ ಮಾಡುತ್ತಿದೆ ಎಂದರ್ಥ, ಕೂಡಲೇ ಪ್ರತಿವಿಷ ಕೊಡಬೇಕು. ನಳಿಗೆ ಪ್ಲಾಸ್ಟಿಕ್‌ನದಾಗಿದ್ದರೆ ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾಗಿದ್ದರೆ ಫಲಿತಾಂಶ ತಪ್ಪಾಗುತ್ತದೆ. ಎಲ್ಲಿ ತಪ್ಪಾಗಬಹುದು ಎಂಬುದೂ ಮೊದಲೇ ಗೊತ್ತಿರುವುದು ಈ ಪರೀಕ್ಷೆಯ ಬಲ. ನಳಿಗೆಯಲ್ಲಿರುವುದನ್ನು ವೈದ್ಯರು, ನರ್ಸ್, ರೋಗಿಯ ತಮ್ಮ ಯಾರು ಬೇಕಾದರೂ ನೋಡಬಹುದು. ಯಾರ ಮೇಲೂ ನಂಬಿಕೆ ಇಡಬೇಕಾಗಿಲ್ಲ.

ಇಷ್ಟು ಹೇಳಿ ವೈಯಕ್ತಿಕ ಅನುಭವವನ್ನು ಬದಿಗೆ ಸರಿಸಿದರೆ ಅದೂ ಪ್ರಾಣಕ್ಕೆ ಕುತ್ತು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಹಲ್ಲಿನ ಗುರುತು ಕಾಣುವುದೇ ಇಲ್ಲ ಎನ್ನುವಷ್ಟು ಸಣ್ಣದು, ನೋವಿಲ್ಲ, ಬಾವಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಏಳುತ್ತಾರೆ. ‘ಕಣ್ಣು ಬಿಡಲಾಗುತ್ತಿಲ್ಲ, ರೆಪ್ಪೆ ಜೋತುಬೀಳುತ್ತಿದೆ, ನುಂಗಲು ಕಷ್ಟ’ ಎನ್ನುತ್ತಾರೆ. ಗಾಜಿನ ನಳಿಗೆಯಲ್ಲಿ ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ, ಏಕೆಂದರೆ ಈ ವಿಷ ಹೊಡೆಯುವುದು ನರಗಳನ್ನು. ಆ ಹೊತ್ತಿನಲ್ಲಿ ರೋಗಿ ತನಗೆ ಏನಾಗುತ್ತಿದೆ ಎಂದು ಹೇಳುವ ಮಾತು, ಜೋತುಬಿದ್ದ ರೆಪ್ಪೆ, ಇವೆರಡೇ ವೈದ್ಯರಿಗೆ ಸಿಗುವ ಸುಳಿವು. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸಿದರೆ ಉಸಿರಾಟದ ಸ್ನಾಯುಗಳು ಸೋತು ರೋಗಿ ಸಾಯುತ್ತಾರೆ. ತನ್ನ ದೇಹದಲ್ಲಿ ಏನಾಗುತ್ತಿದೆ ಎಂದು ಹೇಳುವ ವಿಷಯದಲ್ಲಿ ರೋಗಿಗಿಂತ ದೊಡ್ಡ ಸಾಕ್ಷಿ ಇಲ್ಲ. ಏಕೆ ಆಗುತ್ತಿದೆ ಎಂಬುದು ಬೇರೆ ಪ್ರಶ್ನೆ. ಅದನ್ನು ಹೊರಗಿನಿಂದ ಪರೀಕ್ಷಿಸಲೇಬೇಕು.

ಆ ಪರೀಕ್ಷೆಗೆ ಬಿಳಿ ಕೋಟು ಹಾಕಿದವರೂ ಒಳಗಾಗಬೇಕು. ಮಂಡಿ ಸವೆತಕ್ಕೆ ಸಣ್ಣ ರಂಧ್ರ ಮಾಡಿ ಒಳಗೆ ತೊಳೆದು ಹೆರೆಯುವ ಆಪರೇಷನ್‌ ಅಮೆರಿಕದಲ್ಲಿ ಬಹಳ ಬಳಕೆಯಲ್ಲಿತ್ತು. ಮಾಡಿಸಿಕೊಂಡವರಲ್ಲಿ ಅನೇಕರು ನೋವು ಕಡಿಮೆಯಾಯಿತು ಎನ್ನುತ್ತಿದ್ದರು. ವೈದ್ಯರೂ ತಮ್ಮ ಅನುಭವದ ಮೇಲೆ ಅದನ್ನೇ ಹೇಳುತ್ತಿದ್ದರು. ಹ್ಯೂಸ್ಟನ್‌ನಲ್ಲಿ ಬ್ರೂಸ್ ಮೋಸ್ಲಿ ಎಂಬ ಮೂಳೆ ತಜ್ಞರು ಮತ್ತು ಸಂಗಡಿಗರು 180 ರೋಗಿಗಳನ್ನು, ಅವರ ಒಪ್ಪಿಗೆ ಪಡೆದೇ, ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ನಿಜವಾದ ಚಿಕಿತ್ಸೆ. ಮೂರನೆಯ ಗುಂಪಿಗೆ ಚರ್ಮದಲ್ಲಿ ಗಾಯ ಮಾತ್ರ. ಒಳಗೆ ಏನೂ ಮಾಡಲಿಲ್ಲ. ತಾವು ಯಾವ ಗುಂಪಿನವರು ಎಂದು ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ಗಮನಿಸಿದಾಗ ನಿಜವಾದ ಆಪರೇಷನ್‌ ಆದವರಿಗೆ ಉಳಿದವರಿಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ ಎಂದು 2002ರಲ್ಲಿ ವರದಿಯಾಯಿತು. ನೋವು ಕಡಿಮೆಯಾಯಿತು ಎಂದ ರೋಗಿಗಳು ಸುಳ್ಳು ಹೇಳಿರಲಿಲ್ಲ. ಅವರ ಮಂಡಿಗೆ ನೆಮ್ಮದಿ ಕೊಟ್ಟದ್ದು ಅವರು ಅಂದುಕೊಂಡ ಕಾರಣವಲ್ಲ, ಅಷ್ಟೆ. ನಮ್ಮೂರಿನ ಬೇರಿನ ಮದ್ದಿಗೂ ಹ್ಯೂಸ್ಟನ್ನಿನ ಆಪರೇಷನ್‌ಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಮಾಡದಿದ್ದವರಿಗೆ ಏನಾಯಿತು?

ದೇವರು, ಹರಕೆ, ಧ್ಯಾನದ ಅನುಭವಗಳಿಗೂ ಈ ಅಳತೆ ಹಿಡಿಯಬೇಕೇ ಎಂದು ಕೇಳುವವರಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿ, ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದಾಗಲೂ ನಾಡಿನಲ್ಲಿ ಎದ್ದದ್ದು ಇದೇ ಪ್ರಶ್ನೆ. ಆಧ್ಯಾತ್ಮಿಕ ಅನುಭವ ವಿಜ್ಞಾನದ ಹಿಡಿತಕ್ಕೆ ಸಿಗುವುದಲ್ಲ ಎಂಬುದು ಅವರನ್ನು ವಿರೋಧಿಸಿದವರ ವಾದ. ಆ ವಾದದಲ್ಲಿ ಅರ್ಧ ಸತ್ಯವಿದೆ. ದೇವಸ್ಥಾನದ ಮೆಟ್ಟಿಲ ಮೇಲೆ ಕೂತಾಗ ಮನಸ್ಸು ಹಗುರವಾಯಿತು ಎಂದವರಿಂದ ಪುರಾವೆ ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ನರಸಿಂಹಯ್ಯನವರು ಕೇಳಿದ್ದು ಮನಸ್ಸಿನ ಶಾಂತಿಯ ಬಗ್ಗೆ ಅಲ್ಲ. ಗಾಳಿಯಿಂದ ವಸ್ತು ಬಂತು ಎಂದಾಗ ಅದು ಎಲ್ಲರ ಕಣ್ಣೆದುರಿನ ಲೋಕದ ಬಗ್ಗೆ ಮಾಡಿದ ಹೇಳಿಕೆ. ಮಂತ್ರದಿಂದ ವಿಷ ಇಳಿಯಿತು ಎಂಬುದೂ ಅಂಥದ್ದೇ. ಅದನ್ನು ಕೇಳಿ ನಾಳೆ ಇನ್ನೊಬ್ಬರು ತಮ್ಮ ಮಗುವನ್ನು ಎತ್ತಿಕೊಂಡು ಅದೇ ಅಂಗಳಕ್ಕೆ ಬರುತ್ತಾರೆ. ಅಲ್ಲಿಗೆ ನಂಬಿಕೆ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ.

ಕಾನೂನಿನ ಕಡೆಯಿಂದ ಕೆಲವು ಹೆಜ್ಜೆಗಳಾಗಿವೆ. ಹಾವು ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ಸಿಗದಂತೆ ತಡೆದು ಮಂತ್ರ–ತಂತ್ರ ಮಾಡುವುದನ್ನು 2020ರ ಜನವರಿಯಿಂದ ಜಾರಿಯಲ್ಲಿರುವ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆನ್ನುತ್ತದೆ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಅಧಿಸೂಚನೆ ಹೊರಡಿಸಿತು. ಎರಡರಲ್ಲಿ ಎರಡನೆಯದು ಹೆಚ್ಚು ಫಲ ಕೊಡಬಹುದು ಎಂದು ನನ್ನ ಅನಿಸಿಕೆ. ಎಣಿಕೆ ಸರಿಯಾದರೆ ಯಾವ ತಾಲ್ಲೂಕಿನಲ್ಲಿ ಪ್ರತಿವಿಷ ಬೇಕು, ಯಾವ ಹಾವು ಎಲ್ಲಿ ಕಚ್ಚುತ್ತಿದೆ ಎಂಬುದು ಗೊತ್ತಾಗುತ್ತದೆ. ನಮ್ಮಲ್ಲಿ ಸಿಗುವ ಪ್ರತಿವಿಷ ಆ ನಾಲ್ಕು ಹಾವುಗಳ ವಿಷವನ್ನು ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅವುಗಳ ರಕ್ತದಿಂದ ತಯಾರಿಸಿದ್ದು. ಮಲೆನಾಡಿನ ಕಾಫಿ, ಅಡಿಕೆ ತೋಟಗಳಲ್ಲಿ ಕಚ್ಚುವ ಕೆಲವು ಗುಳಿಮಂಡಲ ಹಾವುಗಳಿಗೆ ಅದು ನಾಟುವುದಿಲ್ಲ. ಆಸ್ಪತ್ರೆಗಳು ಇದನ್ನು ಜನರಿಗೆ ಬಿಚ್ಚಿ ಹೇಳಬೇಕು. ತನ್ನ ಮಿತಿಯನ್ನು ಮುಚ್ಚಿಡುವ ವೈದ್ಯಕೀಯಕ್ಕೆ ಮಂತ್ರವಾದಿಯಿಂದ ಪುರಾವೆ ಕೇಳುವ ನೈತಿಕ ಬಲ ಇರುವುದಿಲ್ಲ.

ಕಾಯ್ದೆ ತೋರಿಸಿ ಹೆದರಿಸಿದರೆ ನಾಟಿ ಮದ್ದಿನವರು ಗುಟ್ಟಾಗಿ ಮದ್ದು ಕೊಡುತ್ತಾರೆ, ಅಷ್ಟೆ. ಮೂವತ್ತು ಕಿಲೊಮೀಟರ್ ದೂರದ ಆಸ್ಪತ್ರೆಗಿಂತ ಮೂರು ಮನೆ ಆಚೆಯ ಅಂಗಳಕ್ಕೆ ಜನ ಮೊದಲು ಹೋಗುವುದು ಮೌಢ್ಯದಿಂದ ಮಾತ್ರವಲ್ಲ. ನಡುರಾತ್ರಿ ಅಲ್ಲಿ ಬಾಗಿಲು ತೆರೆಯುತ್ತದೆ. ಆ ವಿಶ್ವಾಸವನ್ನು ಬಳಸಿಕೊಳ್ಳುವ ಜಾಣತನ ಆರೋಗ್ಯ ಇಲಾಖೆಗೆ ಬರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ತಮ್ಮ ವ್ಯಾಪ್ತಿಯ ಮದ್ದಿನವರನ್ನು ಕರೆದು ಕೂರಿಸಿ, ಗಾಜಿನ ನಳಿಗೆಯ ಪರೀಕ್ಷೆಯನ್ನು ಅವರ ಕಣ್ಣೆದುರೇ ಮಾಡಿ ತೋರಿಸಲಿ. ‘ನಿಮ್ಮ ಪ್ರಾರ್ಥನೆ ನಿಮಗಿರಲಿ, ಆದರೆ ಒಂದು ನಿಮಿಷವೂ ತಡಮಾಡದೆ ಇಲ್ಲಿಗೆ ಕಳಿಸಿ’ ಎಂದು ಕೇಳಿಕೊಳ್ಳಲಿ. ಕೇಳಿದರೆ ಒಪ್ಪುವವರು ಅವರಲ್ಲಿ ಬಹಳ ಮಂದಿ ಇದ್ದಾರೆಂದು ನಾನು ನಂಬುತ್ತೇನೆ, ಏಕೆಂದರೆ ಅವರೂ ಬಯಸುವುದು ಜೀವ ಉಳಿಯುವುದನ್ನೇ.

ಓದುಗರಲ್ಲಿ ಒಂದು ಕೋರಿಕೆ. ಹಾವು ಕಡಿತದ ಸಾವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುತ್ತವೆ. ನಿಮ್ಮ ಮನೆಯಲ್ಲೋ ತೋಟದಲ್ಲೋ ಯಾರಿಗಾದರೂ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇರಿಸಿ, ಉಂಗುರ–ಬಳೆ ತೆಗೆದು, 108ಕ್ಕೆ ಕರೆ ಮಾಡಿ. ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ.