ಸೊಗಡಿಗೆ ಬೆಲೆ ಕಟ್ಟುವವರು ಯಾರು?

ಮಾಗಿಯ ಬೆಳಗಿನಲ್ಲಿ ಮೈಸೂರಿನಿಂದ ಇಲವಾಲ, ಬಿಳಿಕೆರೆ ದಾಟಿ ಹುಣಸೂರಿನ ಕಡೆಗೆ ಹೊರಟವರಿಗೆ ಎರಡು ವಾಸನೆಗಳು ಎದುರಾಗುತ್ತವೆ. ಒಂದು, ಇಬ್ಬನಿಯಲ್ಲಿ ನೆಂದು ರಸ್ತೆಬದಿಯಲ್ಲಿ ರಾಶಿಯಾಗಿ ಬಿದ್ದ ಅವರೆಕಾಯಿಯದು. ಇನ್ನೊಂದು, ಹರಾಜು ಕಟ್ಟೆಗೆ ಹೊರಟ ತಂಬಾಕಿನ ಬೇಲುಗಳದು. ಮೊದಲನೆಯದಕ್ಕೆ ನಮ್ಮ ಭಾಷೆಯಲ್ಲಿ ‘ಸೊಗಡು’ ಎಂಬ ಚೆಲುವಾದ ಹೆಸರಿದೆ. ಎರಡನೆಯದಕ್ಕೆ ಬೆಲೆಯಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಕೃಷಿ ಬದುಕಿನ ಬಿಕ್ಕಟ್ಟೆಲ್ಲ ಈ ಎರಡು ವಾಕ್ಯಗಳ ನಡುವೆ ಇದೆ.

ನಿಸರ್ಗ ಈ ಸೀಮೆಗೆ ಜಿಪುಣತನ ತೋರಿಲ್ಲ. ಕೊಡಗಿನ ಬೆಟ್ಟಗಳು ಮುಗಿದು ಬಯಲು ಆರಂಭವಾಗುವ ಅಂಚು ಇದು. ಹುಣಸೂರಿಗೆ ಲಕ್ಷ್ಮಣತೀರ್ಥ, ಕೋಟೆಗೆ ಕಪಿಲೆ, ಕೆ.ಆರ್. ನಗರಕ್ಕೆ ಕಾವೇರಿ. ಪಿರಿಯಾಪಟ್ಟಣದ ಕೆಮ್ಮಣ್ಣಿನ ದಿಣ್ಣೆಗಳ ನಡುವೆ ಬೆಟ್ಟದಪುರದ ಬೆಟ್ಟ. ಚುಂಚನಕಟ್ಟೆಯ ಆಸುಪಾಸಿನಲ್ಲಿ ಹಳೆಯ ಅಣೆಕಟ್ಟೆಗಳ ನಾಲೆಗಳು ಭತ್ತದ ಗದ್ದೆಗಳಿಗೆ ನೀರುಣಿಸುತ್ತವೆ. ಕೋಟೆಯಲ್ಲಿ ಹತ್ತಿ ಬೆಳೆಯುವ ಹೊಲಗಳಾಚೆ ನಾಗರಹೊಳೆಯ ಕಾಡು. ಕಾಡಿನೊಳಗೂ ಅಂಚಿನಲ್ಲೂ ಜೇನು ಕುರುಬರ ಹಾಡಿಗಳು. ನಾಲ್ಕು ತಾಲ್ಲೂಕುಗಳಿಗೆ ನಾಲ್ಕು ಬಗೆಯ ನೆಲ, ನಾಲ್ಕು ಬಗೆಯ ಅಡುಗೆಮನೆ.

ಈ ವೈವಿಧ್ಯದ ಮೇಲೆ ಒಂದೇ ಬೆಳೆ ತನ್ನ ಮುದ್ರೆ ಒತ್ತಿದೆ. ಭರಣಿ ಮಳೆಯ ಹದಕ್ಕೆ ವರ್ಜೀನಿಯಾ ತಂಬಾಕಿನ ಸಸಿ ನೆಡುವುದು, ಎಲೆ ಮುರಿದು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸುವುದು, ಐದಾರು ದಿನ ಹಗಲು ರಾತ್ರಿ ಸೌದೆ ಉರಿಸಿ ಹದಗೊಳಿಸುವುದು ಇಲ್ಲಿನ ಸಾವಿರಾರು ಮನೆಗಳ ವಾರ್ಷಿಕ ವ್ರತ. ಒಂದು ಕಿಲೋ ಎಲೆಗೆ ನಾಲ್ಕೈದು ಕಿಲೋ ಸೌದೆ ಬೇಕು ಎಂಬುದು ಸಾಮಾನ್ಯ ಲೆಕ್ಕ. ಇತ್ತೀಚಿನ ವರ್ಷಗಳಲ್ಲಿ ತಂಬಾಕು ಮಂಡಳಿ ಕರ್ನಾಟಕಕ್ಕೆ ನಿಗದಿಪಡಿಸಿರುವ ಬೆಳೆಯ ಪ್ರಮಾಣ ಸುಮಾರು 10 ಕೋಟಿ ಕಿಲೋ. ಅದರ ಬಹುಪಾಲು ಈ ಸೀಮೆಯದು. ಅಷ್ಟು ಎಲೆಗೆ ಎಷ್ಟು ಮರ ಎಂಬುದನ್ನು ಓದುಗರೇ ಗುಣಿಸಿಕೊಳ್ಳಬಹುದು.

ರೈತ ದುರಾಸೆಯಿಂದ ತಂಬಾಕು ಬೆಳೆಯುತ್ತಾನೆ ಎನ್ನುವುದು ನಗರದವರ ಸುಲಭ ತೀರ್ಪು. ವಾಸ್ತವ ಬೇರೆಯೇ ಇದೆ. 1957ರಲ್ಲಿಯೇ ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರ ಬಂದಿತು. 1975ರ ಕಾಯ್ದೆಯ ಪ್ರಕಾರ ಮರುವರ್ಷ ತಂಬಾಕು ಮಂಡಳಿ ಸ್ಥಾಪನೆಯಾಯಿತು. ಬೆಳೆಗಾರನಿಗೆ ನೋಂದಣಿ, ಬ್ಯಾರನ್ನಿಗೆ ಪರವಾನಗಿ, ಬ್ಯಾಂಕಿನಿಂದ ಸಾಲ, ಊರಿನ ಸಮೀಪವೇ ಹರಾಜು ಕಟ್ಟೆ, ಎಲೆಯ ಬಣ್ಣ ಮತ್ತು ಗುಣ ನೋಡಿ ದರ್ಜೆವಾರು ದರ ಇವೆಲ್ಲವೂ ಹಿಂಬಾಲಿಸಿದವು. ದರ ಕುಸಿದ ವರ್ಷಗಳಲ್ಲಿ ರೈತ ಹರಾಜು ಕಟ್ಟೆಯ ಮುಂದೆ ಧರಣಿ ಕೂತದ್ದೂ ಉಂಟು. ಆದರೆ ಧರಣಿ ಕೂರುವುದಕ್ಕೂ ಒಂದು ಬಾಗಿಲು ಬೇಕಲ್ಲ! ಅವರೆ ಬೆಳೆದವನಿಗೆ ಅಂಥ ಬಾಗಿಲೂ ಇಲ್ಲ.

ಇನ್ನೂ ದೊಡ್ಡ ವಿಪರ್ಯಾಸವೊಂದಿದೆ. ವಿದೇಶಿ ಖರೀದಿದಾರರ ವಲಯದಲ್ಲಿ ಈ ಸೀಮೆಯ ಎಲೆಗೆ ‘ಕರ್ನಾಟಕದ ಹಗುರ ಮಣ್ಣಿನ ತಂಬಾಕು’ ಎಂಬ ಪ್ರತ್ಯೇಕ ಹೆಸರಿದೆ. ಮಣ್ಣಿನ ಗುಣ ಬೆಳೆಯಲ್ಲಿ ಇಳಿಯುತ್ತದೆ, ಅದಕ್ಕೆ ಬೆಲೆ ಕಟ್ಟಬಹುದು ಎಂಬ ಸತ್ಯವನ್ನು ಜಗತ್ತು ನಮ್ಮ ವಿಷಯದಲ್ಲಿ ಆಗಲೇ ಒಪ್ಪಿಕೊಂಡಿದೆ. ಒಪ್ಪಿಕೊಂಡದ್ದು ಹೊಗೆಯಾಗಿ ಹೋಗುವ ಬೆಳೆಗೆ ಮಾತ್ರ.

ಇಟಲಿಯ ವಾಯವ್ಯದಲ್ಲಿರುವ ಪಿಯೆಮಾಂಟೆ ಪ್ರಾಂತ್ಯದ ಲಾಂಗೆ ಬೆಟ್ಟಸಾಲಿನ ಕಥೆ ಇಲ್ಲಿ ನೆನಪಾಗುತ್ತದೆ. ಇಂದು ಬರೋಲೊ ಎಂಬ ವೈನಿಗೂ ಆಲ್ಬಾ ಪಟ್ಟಣದ ಬಿಳಿ ಟ್ರಫಲ್ ಅಣಬೆಗೂ ಹೆಸರಾದ, ಪ್ರವಾಸಿಗರು ಮುಗಿಬೀಳುವ ಸೀಮೆ ಅದು. ಆದರೆ ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಅದು ಬಡವರ ನಾಡು. ಯುವಕರು ಹೊಲ ಬಿಟ್ಟು ತುರಿನ್ ನಗರದ ಕಾರಿನ ಕಾರ್ಖಾನೆಗಳಿಗೆ ಗುಳೆ ಹೋದರು. ನುಟೊ ರೆವೆಲ್ಲಿ ಎಂಬ ಲೇಖಕ ಆ ಜಿಲ್ಲೆಯ ರೈತರ ಬಾಯಿಮಾತುಗಳನ್ನು ಸಂಗ್ರಹಿಸಿ 1977ರಲ್ಲಿ ಪ್ರಕಟಿಸಿದ ಕೃತಿಯ ಹೆಸರೇ ‘ಸೋತವರ ಲೋಕ’. 1986ರಲ್ಲಿ ಅದೇ ಪ್ರಾಂತ್ಯದ ಕೆಲವು ವ್ಯಾಪಾರಿಗಳು ಅಗ್ಗದ ವೈನಿಗೆ ಮೆಥನಾಲ್ ಬೆರೆಸಿ ಇಪ್ಪತ್ತಕ್ಕೂ ಹೆಚ್ಚು ಜನರ ಸಾವಿಗೆ ಕಾರಣರಾದರು. ಇಟಲಿಯ ವೈನಿನ ಮಾನ ಬೀದಿಪಾಲಾಯಿತು.

ಪ್ರಮಾಣವನ್ನಲ್ಲ, ಗುಣವನ್ನು ಮಾರಬೇಕು ಎಂಬ ಪಾಠವನ್ನು ಆ ಸೀಮೆ ಆ ದುರಂತದಿಂದ ಗಟ್ಟಿಯಾಗಿ ಕಲಿಯಿತು. ಬರೋಲೊ ಎಂದು ಕರೆಸಿಕೊಳ್ಳಬೇಕಾದರೆ ದ್ರಾಕ್ಷಿ ನಿಗದಿತ 11 ಊರುಗಳ ಸರಹದ್ದಿನದಾಗಿರಬೇಕು, ನೆಬ್ಬಿಯೋಲೊ ತಳಿಯದೇ ಆಗಿರಬೇಕು, ವೈನು ಮೂರು ವರ್ಷಕ್ಕೂ ಹೆಚ್ಚು ಕಾಲ ಮಾಗಬೇಕು. ಬಹುಕಾಲದಿಂದ ಇದ್ದ ಇಂಥ ಕಟ್ಟಳೆಗಳಿಗೆ ಹೊಸ ಅರ್ಥ ಬಂದಿತು. ಬ್ರಾ ಎಂಬ ಪುಟ್ಟ ಪಟ್ಟಣದ ಕಾರ್ಲೊ ಪೆಟ್ರಿನಿ ಮತ್ತು ಗೆಳೆಯರು ಆರಂಭಿಸಿದ ‘ಸ್ಲೋ ಫುಡ್’ ಚಳವಳಿ, ಊಟದ ರುಚಿಯನ್ನೂ ರೈತನ ಬದುಕನ್ನೂ ಬೇರ್ಪಡಿಸಲಾಗದು ಎಂದು ಸಾರಿತು. 2014ರಲ್ಲಿ ಅಲ್ಲಿನ ದ್ರಾಕ್ಷಿ ಬೆಟ್ಟಗಳ ಭೂದೃಶ್ಯವೇ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನೆಬ್ಬಿಯೋಲೊ ಎಂಬ ಹೆಸರಿನ ಮೂಲ ‘ನೆಬ್ಬಿಯಾ’, ಅಂದರೆ ಮಂಜು ಎಂಬ ವಿವರಣೆ ಅಲ್ಲಿ ಜನಪ್ರಿಯ. ಇಬ್ಬನಿ ಬಿದ್ದರೇ ಅವರೆಗೆ ಸೊಗಡು ಎನ್ನುವ ನಮ್ಮವರಿಗೆ ಇದು ಅಪರಿಚಿತ ಮಾತೇನಲ್ಲ.

ಹಾಗೆಂದು ಲಾಂಗೆಯನ್ನು ಸ್ವರ್ಗವೆಂದು ಬಣ್ಣಿಸಬೇಕಿಲ್ಲ. ಬರೋಲೊದ ಉತ್ತಮ ತೋಟಗಳ ಬೆಲೆ ಹೆಕ್ಟೇರಿಗೆ ಹತ್ತು ಲಕ್ಷ ಯೂರೊ ದಾಟಿ, ಸಣ್ಣ ರೈತನ ಮಗ ಅಲ್ಲಿ ಒಂದು ತುಂಡು ನೆಲ ಕೊಳ್ಳಲಾರ. ದ್ರಾಕ್ಷಿಯ ಏಕಬೆಳೆ ಬೇರೆ ಬೆಳೆಗಳನ್ನು ನುಂಗಿದೆ. ನಮ್ಮ ಕೆಮ್ಮಣ್ಣಿನಲ್ಲಿ ದ್ರಾಕ್ಷಿ ನೆಟ್ಟು ವೈನ್ ಇಳಿಸೋಣ ಎಂಬುದೂ ಈ ಲೇಖನದ ವಾದವಲ್ಲ. ತನ್ನ ನೆಲದ ರುಚಿಗೆ ಒಂದು ಸಮಾಜ ಸಂಸ್ಥೆಗಳನ್ನೂ ನಿಯಮಗಳನ್ನೂ ಕಟ್ಟಿಕೊಂಡ ಬಗೆಯಷ್ಟೇ ನಮಗೆ ಪ್ರಸ್ತುತ.

ನಮ್ಮಲ್ಲಿ ರುಚಿಗೇನು ಬರವೇ? ತಂಬಾಕು ಕಿತ್ತ ಹೊಲದಲ್ಲಿಯೇ ಹಿಂಗಾರಿಗೆ ರಾಗಿಯೋ ಹುರುಳಿಯೋ ಏಳುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು ಬೆಳೆಯುವ ಜಾಣತನ ಇಲ್ಲಿನ ಹಿರಿಯರದು. ಮುದ್ದೆಗೆ ಹಿತಕಿದ ಬೇಳೆಯ ಸಾರು, ಹುರುಳಿಕಾಳಿನ ಬಸ್ಸಾರು, ಉಪ್ಪೆಸರು, ಹುಚ್ಚೆಳ್ಳಿನ ಚಟ್ನಿ. ಗದ್ದೆ ಸೀಮೆಯಲ್ಲಿ ಹೊಸ ಅಕ್ಕಿಯ ರೊಟ್ಟಿ. ಕಾಡಂಚಿನಲ್ಲಿ ಕಳಲೆ, ಅಣಬೆ, ಕಾಡುಗೆಣಸು, ಹೆಜ್ಜೇನಿನ ತುಪ್ಪ. ಒಂದೊಂದೂ ಒಂದು ಋತುವಿಗೆ, ಒಂದು ಮಣ್ಣಿಗೆ ಅಂಟಿಕೊಂಡದ್ದು.

ಆದರೆ ನಮ್ಮ ಕೃಷಿ ನೀತಿಗೆ ಮೂಗಿಲ್ಲ. ಇರುವುದು ತಕ್ಕಡಿ ಮಾತ್ರ. 2024-25ರಲ್ಲಿ ರಾಗಿಗೆ ಕ್ವಿಂಟಲಿಗೆ ₹4,290 ಬೆಂಬಲ ಬೆಲೆ ಘೋಷಣೆಯಾಯಿತು. ಸ್ವಾಗತಾರ್ಹವೇ. ಆದರೆ ಯಾವ ತಳಿ, ಯಾವ ಹೊಲ, ಎಂಥ ರುಚಿ ಎಂಬ ಪ್ರಶ್ನೆ ಖರೀದಿ ಕೇಂದ್ರದಲ್ಲಿ ಏಳುವುದಿಲ್ಲ. ಅವರೆಯ ಕಥೆಯೂ ಅಷ್ಟೆ. ಹೆಬ್ಬಾಳದ ವಿಜ್ಞಾನಿಗಳು ರೂಪಿಸಿದ ತಳಿಗಳಿಂದ ವರ್ಷವಿಡೀ ಅವರೆಕಾಯಿ ಸಿಗುವಂತಾಯಿತು. ರೈತನಿಗೆ ಅನುಕೂಲವೂ ಆಯಿತು. ಅಕಾಲದ ಕಾಯಿಯಲ್ಲಿ ಮಾಗಿಯ ಸೊಗಡಿಲ್ಲ ಎಂಬುದು ತಿನ್ನುವವರ ಕೊರಗು. ಆದರೂ ಸೊಗಡಿನ ಕಾಯಿಗೆ ಬೇರೆ ದರ್ಜೆಯಿಲ್ಲ, ಬೇರೆ ದರವಿಲ್ಲ. ತಂಬಾಕಿನ ಎಲೆಯನ್ನು ಬಣ್ಣ, ಸ್ಪರ್ಶಗಳಿಂದಲೇ ವಿಂಗಡಿಸಬಲ್ಲ ರೈತನಿಗೆ ತನ್ನ ಅವರೆಯನ್ನೂ ಭತ್ತವನ್ನೂ ವಿಂಗಡಿಸಲು ಬಾರದೆ? ಬರುತ್ತದೆ, ಕೇಳುವವರಿಲ್ಲ.

ಭೌಗೋಳಿಕ ಸೂಚಿಯ ಪ್ರಮಾಣಪತ್ರ ಪಡೆದರೆ ಸಾಕು ಎನ್ನುವವರು ಪಕ್ಕದ ನಂಜನಗೂಡಿನತ್ತ ನೋಡಬೇಕು. ರಸಬಾಳೆಗೆ ಆ ಮನ್ನಣೆ ಸಿಕ್ಕಿ ಎಷ್ಟೋ ವರ್ಷಗಳಾದವು. ಸೊರಗು ರೋಗಕ್ಕೆ ತುತ್ತಾಗಿ ಕುಗ್ಗಿದ ಅದರ ತೋಟಗಳು ಕಾಗದದಿಂದ ಮರಳಿ ಬರಲಿಲ್ಲ. ಬೀಜ, ಸಂಶೋಧನೆ, ದರ್ಜೆ, ಸಾಲ, ಖಚಿತ ಮಾರುಕಟ್ಟೆ ಇವು ಕೂಡಿದಾಗ ಮಾತ್ರ ಹೆಸರಿಗೆ ಬೆಲೆ. ತಂಬಾಕಿಗೆ ಸರ್ಕಾರ ಈ ಐದನ್ನೂ ಒದಗಿಸಿಕೊಟ್ಟಿತು ಎಂಬುದೇ, ಇದು ಅಸಾಧ್ಯವಲ್ಲ ಎಂಬುದಕ್ಕೆ ಸಾಕ್ಷಿ. ಜೇನಿನ ವಿಷಯದಲ್ಲಂತೂ ಮಾರುಕಟ್ಟೆಗಿಂತ ಮೊದಲು ಹಕ್ಕಿನ ಪ್ರಶ್ನೆ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಉತ್ಪನ್ನಗಳ ಮೇಲೆ ಕಾಡಿನ ಜನರಿಗೆ ಒಡೆತನ ಕೊಟ್ಟಿದೆ. ಆ ಒಡೆತನ ಹಾಡಿಗಳವರೆಗೆ ನಡೆದು ಬರದೆ, ಜೇನಿನ ಬಾಟಲಿಯ ಮೇಲೆ ಜೇನು ಕುರುಬರ ಚಿತ್ರ ಅಚ್ಚು ಹಾಕುವುದು ಆತ್ಮವಂಚನೆ.

ತಂಬಾಕು ನಿಯಂತ್ರಣ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದವನ್ನು ಭಾರತ 2004ರಲ್ಲಿಯೇ ಅನುಮೋದಿಸಿತು. ಬೆಳೆಗಾರರಿಗೆ ಲಾಭದಾಯಕವಾದ ಬದಲಿ ದಾರಿಗಳನ್ನು ಉತ್ತೇಜಿಸಬೇಕು ಎಂದು ಅದರ 17ನೆಯ ವಿಧಿ ಹೇಳುತ್ತದೆ. ಎರಡು ದಶಕಗಳು ಕಳೆದವು. ‘ತಂಬಾಕು ಬಿಡಿ’ ಎಂಬ ಉಪದೇಶ ಹಳ್ಳಿಗಳನ್ನು ತಲುಪಿದಷ್ಟು ಬದಲಿ ಬೆಳೆಯ ಹರಾಜು ಕಟ್ಟೆ ತಲುಪಲಿಲ್ಲ. ಒಂದಲ್ಲ ಒಂದು ದಿನ ಜಗತ್ತು ಸಿಗರೇಟಿನ ಬೇಡಿಕೆಯನ್ನು ತಗ್ಗಿಸಿಯೇ ತೀರುತ್ತದೆ. ಆಗ ಬ್ಯಾರನ್ನಿನ ಒಲೆ ಆರಿದ ಮನೆಗಳು ಲಾಂಗೆಯ ಯುವಕರಂತೆ ಊರು ಬಿಡಬೇಕೇ?

ಮೈಸೂರು, ಬೆಂಗಳೂರುಗಳಲ್ಲಿ ಕುಳಿತ ನಮಗೂ ಇದರಲ್ಲಿ ಪಾಲಿದೆ. ಇಟಲಿಯ ಆಲಿವ್ ಎಣ್ಣೆಯ ಸೀಸೆಯ ಮೇಲೆ ಊರಿನ ಹೆಸರು ಹುಡುಕಿ, ಹೆಚ್ಚು ಹಣ ತೆರುವವರು ನಾವೇ. ಅವರೆಕಾಯಿ ರಾಶಿಯ ಮುಂದೆ ಮಾತ್ರ ಕಿಲೋಗೆ ಐದು ರೂಪಾಯಿ ಇಳಿಸಲು ಹಟ ಹಿಡಿಯುತ್ತೇವೆ. ಈ ಸಲದ ಮಾಗಿಯಲ್ಲಿ ಬಿಳಿಕೆರೆಯ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿದಾಗ, ಕಾಯಿ ಮೂಸಿ ನೋಡಿದ ಮೇಲೆ, ಯಾವ ಊರಿನದು ಎಂದು ಒಮ್ಮೆ ಕೇಳಿ ನೋಡೋಣ. ಬೆಲೆ ಕಟ್ಟುವ ಕೆಲಸ ಆ ಪ್ರಶ್ನೆಯಿಂದಲೇ ಶುರುವಾಗುತ್ತದೆ.