ಏದೆನ್ ತೋಟದ ಕಾವಲು

ಇಥಿಯೋಪಿಯದ ಉತ್ತರ ಪ್ರಸ್ಥಭೂಮಿಯನ್ನು ಆಕಾಶದಿಂದ ನೋಡಿದವರ ಕಣ್ಣಿಗೆ ಮೊದಲು ಬೀಳುವುದು ಬರಿಯ ಮಣ್ಣಿನ ಬಣ್ಣ. ಉತ್ತ ಹೊಲಗಳು, ದನಗಳು ಮೇದು ಬೋಳಾದ ಬಯಲುಗಳು ದಿಗಂತದವರೆಗೂ ಹಬ್ಬಿವೆ. ಆ ಕಂದು ನೆಲದ ನಡುನಡುವೆ, ಯಾರೋ ಹಸಿರು ಬೊಟ್ಟುಗಳನ್ನಿಟ್ಟ ಹಾಗೆ, ಪುಟ್ಟ ಪುಟ್ಟ ಕಾಡುಗಳು. ಒಂದೊಂದು ಬೊಟ್ಟಿನ ನಡುವೆಯೂ ಒಂದೊಂದು ಚರ್ಚು. ಕೊಡಗಿನ ದೇವರಕಾಡನ್ನು ಬಲ್ಲ ಕನ್ನಡಿಗರಿಗೆ ಈ ನೋಟದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರೈಸ್ತಧರ್ಮವು 4ನೆಯ ಶತಮಾನದಲ್ಲಿ, ಅಕ್ಸುಮ್ ರಾಜ್ಯದ ಎಜಾನ ದೊರೆಯ ಕಾಲದಲ್ಲಿಯೇ, ಆ ನಾಡಿನಲ್ಲಿ ಬೇರೂರಿತು. ಚರ್ಚಿನ ಸುತ್ತಣ ವನವು ಏದೆನ್ ತೋಟದ ಪ್ರತಿರೂಪವೆಂದು ಅಲ್ಲಿಯ ಭಕ್ತರು ನಂಬುತ್ತಾರೆ. ಮರಗಳಿಲ್ಲದ ಚರ್ಚು ಅವರ ಭಾವನೆಯಲ್ಲಿ ಉಡುಗೆಯಿಲ್ಲದ ಮನುಷ್ಯನಿದ್ದಂತೆ. ಗರ್ಭಗುಡಿಯೊಳಗಿನ 'ತಾಬೋತ್' ಎಂಬ ಪವಿತ್ರ ಫಲಕದ ಪಾವಿತ್ರ್ಯವು ಗೋಡೆಗಳನ್ನು ದಾಟಿ, ಹೊರಗಿನ ಮರಗಳಿಗೂ ವ್ಯಾಪಿಸುತ್ತದೆ. ಹೀಗಾಗಿ ಹೊರಗಿನ ಅರಣ್ಯವೆಲ್ಲ ನೇಗಿಲಿಗೂ ಒಲೆಗೂ ಆಹುತಿಯಾದಾಗ, ಚರ್ಚಿನ ನೆರಳಿನಲ್ಲಿದ್ದ ಜುನಿಪರ್ ಮರಗಳು, ಕಾಡು ಆಲಿವ್ ಮರಗಳು ಉಳಿದುಕೊಂಡವು. ಆ ಸೀಮೆಯಲ್ಲಿ ಇಂದು ಉಳಿದಿರುವ ಸ್ವಾಭಾವಿಕ ಅರಣ್ಯದ ಬಹುಭಾಗ ಇರುವುದು ಇಂತಹ ಅಂಗಳಗಳಲ್ಲಿಯೇ. ಅಲ್ಲಿಯ ಜೇನ್ನೊಣಗಳು ಸುತ್ತಲಿನ ಹೊಲಗಳಿಗೆ ಹಾರಿ ಪೈರಿನ ಪರಾಗಸ್ಪರ್ಶವನ್ನೂ ಮಾಡುತ್ತವೆ.

ಈ ಹಸಿರು ಬೊಟ್ಟುಗಳು ಒಂದು ಗಂಭೀರವಾದ ಆಪಾದನೆಗೂ ಉತ್ತರವಾಗಿ ನಿಂತಿವೆ. ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನವು ಕ್ರೈಸ್ತಲೋಕದಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿತು. ಮನುಷ್ಯನು ಭೂಮಿಯ ಒಡೆಯನೆಂಬ ಭಾವನೆಯನ್ನು ಪಾಶ್ಚಾತ್ಯ ಕ್ರೈಸ್ತಧರ್ಮವು ಬೆಳೆಸಿತೆಂದೂ ಪ್ರಕೃತಿಯ ಸೂರೆಗೆ ಅದೇ ಬೇರೆಂದೂ ಅವರು ವಾದಿಸಿದರು. ಸ್ವತಃ ಕ್ರೈಸ್ತರಾಗಿದ್ದ ಅವರೇ ಇದಕ್ಕೆ ಪರಿಹಾರವಾಗಿ ಅಸಿಸಿಯ ಸಂತ ಫ್ರಾನ್ಸಿಸ್‌ನತ್ತ ಬೆರಳು ತೋರಿದರು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಆ ಸಂತನನ್ನು ಪರಿಸರಪ್ರೇಮಿಗಳ ಪಾಲಕಸಂತನೆಂದು ಘೋಷಿಸಿದರು.

ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಮನುಷ್ಯನಿಗೆ ಭೂಮಿಯ ಮೇಲೆ ದೊರೆತನ ದೊರೆಯುವುದೇನೋ ನಿಜ. ಆದರೆ ಎರಡನೆಯ ಅಧ್ಯಾಯದಲ್ಲಿ ದೇವರು ಅವನನ್ನು ತೋಟದಲ್ಲಿ ಇರಿಸಿ, ಅದರ ಕೃಷಿಯನ್ನೂ ಕಾವಲನ್ನೂ ಅವನಿಗೆ ಒಪ್ಪಿಸುತ್ತಾನೆ. ಹೀಬ್ರೂ ಮೂಲದಲ್ಲಿ ಅಲ್ಲಿರುವ ಧಾತು 'ಶಾಮರ್', ಎಂದರೆ ಕಾಯು. ತಮ್ಮನನ್ನು ಕೊಂದ ಕಾಯಿನನು, ಹೇಬೆಲನನ್ನು ಕಾಯುವ ಹೊಣೆ ತನ್ನದಲ್ಲವೆಂದು ಜಾರಿಕೊಳ್ಳುವಾಗ ಬರುವುದೂ ಅದೇ ಧಾತು. ತೋಟವನ್ನು ಕಾಯುವುದು ಬೇರೆ, ಒಡಹುಟ್ಟಿದವನನ್ನು ಕಾಯುವುದು ಬೇರೆ ಎಂದು ಆ ಗ್ರಂಥವು ಬಗೆಯುವುದಿಲ್ಲ. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ 'ಲೌದಾತೋ ಸಿ' ಎಂಬ ಧರ್ಮಪತ್ರದಲ್ಲಿಯೂ ಈ ಕೃಷಿ ಮತ್ತು ಕಾವಲುಗಳನ್ನೇ ಒತ್ತಿ ಹೇಳಿದರು.

ಆದರೆ ನಂಬಿಕೆಯೊಂದರಿಂದಲೇ ಕಾವಲು ಪೂರ್ಣವಾಗುವುದೇ? ಇಥಿಯೋಪಿಯದ ಪರಿಸರವಿಜ್ಞಾನಿ ಅಲೆಮಾಯೆಹು ವಾಸ್ಸೆ ಈ ಚರ್ಚಿನ ಕಾಡುಗಳ ಒಳಹೊಕ್ಕು ನೋಡಿದಾಗ ಕಳವಳದ ಸಂಗತಿ ಹೊರಬಿತ್ತು. ಮುದಿಮರಗಳು ನಿಂತಿದ್ದವು, ಅವುಗಳ ಬುಡದಲ್ಲಿ ಎಳೆಯ ಸಸಿಗಳು ಉಳಿಯುತ್ತಿರಲಿಲ್ಲ. ಕೊಡಲಿಯನ್ನು ಭಕ್ತಿ ತಡೆದಿತ್ತು, ನಿಜ. ಆದರೆ ಹಸಿದ ದನಕರುಗಳನ್ನು ತಡೆಯುವವರಿರಲಿಲ್ಲ. ಅವು ಒಳನುಗ್ಗಿ ಮೊಳಕೆಗಳನ್ನು ಮೇದವು, ತುಳಿದವು. ಅದರ ಮೇಲೆ, ಬೇಗ ಹಣ ತರುವ ನೀಲಗಿರಿಯ ನೆಡುತೋಪುಗಳು ಅಂಚುಗಳನ್ನು ಒತ್ತಿ ಬಂದವು. ಹೆಚ್ಚುವ ಭಕ್ತರಿಗಾಗಿ ಕಟ್ಟಡಗಳೂ ಬೆಳೆದವು. ವಂಶ ಮುಂದುವರಿಯದ ದೊಡ್ಡಮನೆಯಂತೆ, ಹೊರಗೆ ಗಂಭೀರವಾಗಿ ಕಾಣುತ್ತಿದ್ದ ಕಾಡು ಒಳಗೊಳಗೇ ಮುಗಿಯುತ್ತಿತ್ತು.

ವಾಸ್ಸೆ ಮತ್ತು ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಲೋಮನ್ ಅಲ್ಲಿಯ ಪಾದ್ರಿಗಳನ್ನು ಕೂಡಿಸಿ, ಆಕಾಶದಿಂದ ತೆಗೆದ ಚಿತ್ರಗಳನ್ನು ತೋರಿಸಿದರು. ತಮ್ಮ ಏದೆನ್ ಎಷ್ಟು ಕಿರಿದಾಗಿದೆಯೆಂದು ಪಾದ್ರಿಗಳು ಕಣ್ಣಾರೆ ಕಂಡರು. ಕಂಡುಕೊಂಡ ಉಪಾಯವು ಅತ್ಯಂತ ಸರಳವಾದುದು: ಕಲ್ಲಿನ ಗೋಡೆ. ಹೊಲಗಳಲ್ಲಿ ನೇಗಿಲಿಗೆ ಅಡ್ಡಬರುತ್ತಿದ್ದ ಕಲ್ಲುಗಳನ್ನು ಊರವರೇ ಆರಿಸಿ ತಂದು, ಒಂದರ ಮೇಲೊಂದು ಪೇರಿಸಿ, ಕಾಡಿನ ಸುತ್ತ ಗೋಡೆ ಕಟ್ಟಿದರು. ಹೊಲವೂ ಹಸನಾಯಿತು, ಕಾಡಿಗೂ ಕಾವಲು ದೊರೆಯಿತು. ಗೋಡೆಯೊಳಗೆ ಸಸಿಗಳು ಮತ್ತೆ ತಲೆಯೆತ್ತಿದವು.

ಕೆಲವು ಕಡೆಗಳಲ್ಲಿ ಊರವರು ಗೋಡೆಯನ್ನು ಮರಗಳಿಗೆ ಒತ್ತಿ ಕಟ್ಟಲಿಲ್ಲ. ಕೊನೆಯ ಮರದಿಂದಾಚೆ ಸ್ವಲ್ಪ ಬರಿನೆಲವನ್ನೂ ಒಳಗೆ ಸೇರಿಸಿಕೊಂಡರು. ಉಳುವ ನೆಲಕ್ಕೆ ಬರವಿರುವ ನಾಡಿನಲ್ಲಿ, ಇನ್ನೂ ಮೊಳೆಯದ ಮರಗಳಿಗಾಗಿ ಬಿಟ್ಟುಕೊಟ್ಟ ಆ ನೆಲವು ಸಾಮಾನ್ಯವಾದ ಕಾಣಿಕೆಯಲ್ಲ.