ಮರೆಯಾದ ಹಸಿರು ಮರಳೀತೆ?

ಎಳ್ಳಮಾವಾಸ್ಯೆಯಂದು ಬೀದರಿನ ಮೈಲೂರ ಸೀಮೆಯ ರೈತರು ಹೊಲದಲ್ಲಿ ಚರಗ ಚೆಲ್ಲಿ, ಹಸಿ ಕಡಲೆ, ಬಟಾಣಿ, ತೊಗರಿಗಳ ಭಜ್ಜಿಯನ್ನು ಸಜ್ಜೆ ರೊಟ್ಟಿಯೊಡನೆ ಉಣ್ಣುತ್ತಾರೆ. ಈ ದುಂಡು ಹಸಿರು ಕಾಳಿನಲ್ಲಿ ಭೂತಾಯಿಯ ಪೂಜೆಯೂ ಇದೆ, ವಿಜ್ಞಾನವೂ ಇದೆ. ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ 6,022 ಹಳದಿ, 2,001 ಹಸಿರು ಬಟಾಣಿಗಳ ಲೆಕ್ಕವಿಟ್ಟರು. ಮೊದಲ ಪೀಳಿಗೆಯಲ್ಲಿ ಮರೆಯಾದ ಹಸಿರು ಎರಡನೆಯದರಲ್ಲಿ ಮರಳಿತ್ತು.

ಆದರೆ ಬೀಜವೇ ಉಳಿಯದಿದ್ದರೆ ಮರಳುವುದೇನು? ಬೀದರ ಜಿಲ್ಲೆಯ ಮುಂಗಾರು ಹೊಲಗಳಲ್ಲಿ ಹೆಸರು, ಉದ್ದುಗಳ ಜಾಗಕ್ಕೆ ಸೋಯಾ ಬಂದಿದೆ. ಸೋಯಾ ಕೆಟ್ಟ ಬೆಳೆಯಲ್ಲ. ಅದರ ಬೇರಿನ ಗಂಟುಗಳೂ ಸಾರಜನಕವನ್ನು ಹಿಡಿದಿಡುತ್ತವೆ, ಮಾರಿದರೆ ಹಣವೂ ಬರುತ್ತದೆ. ಒಂದೇ ಬೆಳೆಯನ್ನು ನಂಬುವುದು ಅಪಾಯ. ಗುಡ್ಡದ ಸೀಮೆಯ ನಮಗೂ ಇದೇ ಪಾಠ: ಹೊಲದಂಚಿನಲ್ಲಿ ನಾಲ್ಕು ಸಾಲು ಹೆಸರು ಬಿತ್ತೋಣ, ಬೀಜಕ್ಕೆಂದು ಒಂದು ಸೇರು ಎತ್ತಿಡೋಣ.